ಚಿಲಿಕಾ ಸರೋವರಕ್ಕೆ ಹೊಸ ಬಾಯಿ ಕೊರೆದಿದ್ದು ಸರೀನಾ?

ಓದುಗರ ಪ್ರಶ್ನೆ: ಹೋದ ಚಳಿಗಾಲದಲ್ಲಿ ಪುರಿಗೆ ಹೋದಾಗ ಸಾತಪಡಾದಿಂದ ದೋಣಿ ಮಾಡಿಕೊಂಡು ಚಿಲಿಕಾ ಸರೋವರ ನೋಡಿ ಬಂದ್ವಿ ಸರ್. ಸಮುದ್ರ ಸೇರೋ ಜಾಗ ಬಂದಾಗ ದೋಣಿಯವನು ಇದು ತಾನಾಗೇ ಆಗಿದ್ದಲ್ಲ, ಸರ್ಕಾರದವರು ಕೊರೆಸಿದ್ದು ಅಂದ. ಆವತ್ತಿಂದ ಅದೇ ತಲೇಲಿ ಕೊರೀತಾ ಇದೆ. ಪ್ರಕೃತಿ ಕಾಪಾಡೋದು ಅಂದ್ರೆ ಕೈ ಹಾಕದೇ ಬಿಡೋದು ಅಲ್ವಾ? ಹಾರೆ ಹಿಡ್ಕೊಂಡು ಹೋಗಿ ಅಗೆಯೋದು ರಕ್ಷಣೆ ಹೇಗಾಗತ್ತೆ? ಅಷ್ಟು ದೊಡ್ಡ ನೀರು ಆರೋಗ್ಯವಾಗಿದೆಯೋ ಇಲ್ವೋ ಅಂತ ವಿಜ್ಞಾನಿಗಳಿಗೆ ಹೇಗೆ ಗೊತ್ತಾಗತ್ತೆ, ಹಕ್ಕಿ ಡಾಲ್ಫಿನ್ ಎಣಿಸಿದ್ರೆ ಸಾಕಾ? ಮುಂದಿನ ಸಲ ಹೋದ್ರೆ ನಮ್ಮಂಥವರು ಏನು ನೋಡಬೇಕು ಅಂತಾನೂ ಹೇಳಿ.

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡ್ತೀನಿ. ಕೊರೆದಿದ್ದು ಸರಿ. ಆದ್ರೆ ಯಾಕೆ ಸರಿ ಅನ್ನೋದು ಗೊತ್ತಿಲ್ದೇ ಹೋದ್ರೆ ನಾಳೆ ಇನ್ಯಾವುದೋ ಹಿನ್ನೀರಿಗೆ ಯಾರೋ ಜೆಸಿಬಿ ತಗೊಂಡು ಹೋಗಿ "ಚಿಲಿಕಾದಲ್ಲಿ ಮಾಡಿದಾರಲ್ಲ" ಅಂತ ಅಗೆದುಬಿಡ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಮಾಧಾನವಾಗಿ ಓದಿ.

ಚಿಲಿಕಾನ ಸರೋವರ ಅಂತ ಕರೀತೀವಲ್ಲ, ಅಲ್ಲಿಂದಲೇ ಗೊಂದಲ ಶುರು. ಅದು ಕೆರೆ ಥರ ನಿಂತ ನೀರಲ್ಲ, ಲಗೂನ್. ಒಂದು ಕಡೆ ಭೂಮಿ, ಇನ್ನೊಂದು ಕಡೆ ಬಂಗಾಳ ಕೊಲ್ಲಿ, ಮಧ್ಯೆ ಉದ್ದಕ್ಕೆ ಮಲಗಿರೋ ಒಂದು ಮರಳು ದಿಬ್ಬ, ಆ ದಿಬ್ಬದ ಹಿಂದೆ ಸಿಕ್ಕಿಹಾಕಿಕೊಂಡಿರೋ ನೀರು. ಬೇಸಿಗೇಲಿ ಸುಮಾರು 900 ಚದರ ಕಿಲೋಮೀಟರ್ ಇರತ್ತೆ, ಮಳೆಗಾಲದಲ್ಲಿ ಹಿಗ್ಗಿ 1,165ರ ಹತ್ತಿರ ಹೋಗತ್ತೆ. ಇಷ್ಟು ಅಗಲ ಇದ್ರೂ ಆಳ ಮಾತ್ರ ತೀರಾ ಕಮ್ಮಿ, ಎಷ್ಟೋ ಕಡೆ ದೋಣಿಯವನು ಉದ್ದ ಬಿದಿರು ಊರಿ ತಳ್ಳಿಕೊಂಡೇ ಹೋಗ್ತಾನೆ. ಉತ್ತರದಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ, ನೂನಾ ಸಿಹಿನೀರು ತಂದು ಹಾಕ್ತವೆ (ಆ ದಯಾ ನದಿ ದಡದಲ್ಲೇ ಧೌಳಿ ಇರೋದು, ಅಶೋಕನ ಶಾಸನ ಇರೋ ಜಾಗ), ಪಶ್ಚಿಮದ ಗುಡ್ಡಗಳಿಂದ ಸಣ್ಣಪುಟ್ಟ ಹಳ್ಳ ತೊರೆಗಳು ಬಂದು ಸೇರ್ತವೆ, ಪೂರ್ವದಿಂದ ಸಮುದ್ರ ದಿನಕ್ಕೆರಡು ಸಲ ಉಬ್ಬರದಲ್ಲಿ ಉಪ್ಪುನೀರು ನುಗ್ಗಿಸತ್ತೆ. ಈ ಎರಡರ ಎಳೆದಾಟದಿಂದಲೇ ಅಲ್ಲಿ ಎಲ್ಲಾ ಬದುಕಿರೋದು. ಉತ್ತರದ ಮೂಲೇಲಿ ನೀರು ಹೆಚ್ಚುಕಮ್ಮಿ ಸಪ್ಪೆ, ಅಳಿವೆ (ಸಮುದ್ರ ಸೇರೋ ಬಾಯಿ) ಹತ್ತಿರ ಬೇಸಿಗೇಲಿ ಸಮುದ್ರದಷ್ಟೇ ಉಪ್ಪು, ನಡುವೆ ಎಲ್ಲಾ ಥರದ ಸವಳು, ಅದೂ ತಿಂಗಳಿಂದ ತಿಂಗಳಿಗೆ ಜಾಗ ಬದಲಾಯಿಸ್ತಾ ಇರತ್ತೆ.

ಈಗ ಮರಳಿನ ವಿಷಯ. ಒಡಿಶಾ ಕರಾವಳೀಲಿ ನೈಋತ್ಯದ ಅಲೆಗಳು ದಡಕ್ಕೆ ಓರೆಯಾಗಿ ಬಡಿಯೋದ್ರಿಂದ ಮರಳು ದಡದ ಉದ್ದಕ್ಕೂ ಈಶಾನ್ಯಕ್ಕೆ ಹರಿದುಕೊಂಡು ಹೋಗ್ತಾನೇ ಇರತ್ತೆ, ವರ್ಷಕ್ಕೆ ಲಕ್ಷಾಂತರ ಘನ ಮೀಟರ್. ಕಣ್ಣಿಗೆ ಕಾಣಲ್ಲ ಅಷ್ಟೆ, ಅದೂ ಒಂದು ನದೀನೇ. ಈ ಮರಳು ಅಳಿವೆಯ ಒಂದು ತುದೀಲಿ ಬಂದು ಕೂತ್ಕೊಳ್ಳತ್ತೆ, ನೀರು ಇನ್ನೊಂದು ತುದಿ ಕೊರ್ಕೊಂಡು ಜಾಗ ಮಾಡ್ಕೊಳ್ಳತ್ತೆ, ಹೀಗೆ ವರ್ಷ ವರ್ಷಕ್ಕೂ ಬಾಯಿ ಈಶಾನ್ಯಕ್ಕೆ ಸರೀತಾ ಹೋಗತ್ತೆ. ಬಾಯಿ ಸರಿದಂಗೆಲ್ಲ ಲಗೂನಿನಿಂದ ಸಮುದ್ರಕ್ಕೆ ಹೋಗೋ ಕಾಲುವೆ ಉದ್ದ ಆಗತ್ತೆ. ದಿಬ್ಬಕ್ಕೆ ಅಂಟಿಕೊಂಡೇ ಹೋಗೋ ಆ ಹೊರಕಾಲುವೆ ತೊಂಬತ್ತರ ದಶಕದ ಹೊತ್ತಿಗೆ ಎಷ್ಟು ಉದ್ದ ಆಗಿತ್ತು, ಎಷ್ಟು ಹೂಳು ತುಂಬಿತ್ತು ಅಂದ್ರೆ ಹೊರಗಿನ ಉಬ್ಬರ ಒಳಗೆ ಬರೋಷ್ಟರಲ್ಲಿ ದಾರಿಯಲ್ಲೇ ಸೋತು ಸತ್ತುಹೋಗ್ತಿತ್ತು. ಉದ್ದನೆ ಸ್ಟ್ರಾದಲ್ಲಿ ಮರಳು ತುಂಬಿ ಉಸಿರಾಡೋಕೆ ಹೋದಂಗೆ.

ಆಗ ಏನಾಯ್ತು ನೋಡಿ. ಉಪ್ಪು ಕಮ್ಮಿ ಆಯ್ತು, ಸಿಹಿನೀರಿನ ಕಳೆ ಹಬ್ಬಿತು, ಉತ್ತರ ಭಾಗದಲ್ಲಿ ಜೊಂಡು ಕಾಡಿನಂಗೆ ಬೆಳೀತು. ಜೊಂಡು ಬೆಳೆದ ಕಡೆ ನೀರು ನಿಧಾನ ಆಗತ್ತೆ, ನೀರು ನಿಧಾನ ಆದ ಕಡೆ ನದಿ ತಂದ ಹೂಳು ಕೆಳಗೆ ಕೂರತ್ತೆ, ಹೂಳು ಕೂತ ಕಡೆ ಇನ್ನಷ್ಟು ಜೊಂಡು. ಈ ಸುತ್ತು ಒಂದು ಸಲ ಶುರುವಾದ್ರೆ ತಾನಾಗೇ ನಿಲ್ಲಲ್ಲ. ಚಿಲಿಕಾ 1981ರಲ್ಲೇ ರಾಂಸಾರ್ ತಾಣ, ಅಂದ್ರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಗಿತ್ತು, ಭಾರತದಿಂದ ಮೊದಲು ಆ ಪಟ್ಟಿಗೆ ಸೇರಿದ ಎರಡರಲ್ಲಿ ಒಂದು, ಇನ್ನೊಂದು ರಾಜಸ್ಥಾನದ ಕೇವಲಾದೇವ್. ಅಂಥದ್ದು 1993ಕ್ಕೆ ಮಾಂಟ್ರೂ ರೆಕಾರ್ಡ್ ಅನ್ನೋ ಪಟ್ಟಿಗೆ ಹೋಯ್ತು, ಅಂದ್ರೆ ಈ ಜೌಗು ಪ್ರದೇಶದ ಸ್ಥಿತಿ ಕೆಡ್ತಾ ಇದೆ ಅಂತ ಇಡೀ ಪ್ರಪಂಚಕ್ಕೆ ಗೊತ್ತಾಗೋ ಪಟ್ಟಿ.

ಮೀನು ಯಾಕೆ ಕಮ್ಮಿ ಆಯ್ತು ಅನ್ನೋದನ್ನ ಒಂದು ಸೀಗಡಿ ಮರಿ ಕಡೆಯಿಂದ ನೋಡಿದ್ರೆ ಚೆನ್ನಾಗಿ ಅರ್ಥ ಆಗತ್ತೆ. ಹುಲಿ ಸೀಗಡಿ ಮೊಟ್ಟೆ ಇಡೋದು ಸಮುದ್ರದಲ್ಲಿ, ಬೆಳೆಯೋದು ಲಗೂನಿನಲ್ಲಿ. ಮರಿ ಒಂದು ಸೆಂಟಿಮೀಟರ್ ಆಸುಪಾಸು ಇದ್ದಾಗ ಅಳಿವೆ ಹತ್ತಿರ ಬರತ್ತೆ. ಅಂಗೈಲಿ ನೀರು ತಗೊಂಡ್ರೆ ಗಾಜಿನ ಚೂರಿನಂಗೆ, ಎರಡು ಕಪ್ಪು ಚುಕ್ಕಿ ಕಣ್ಣು ಬಿಟ್ರೆ ಏನೂ ಕಾಣಲ್ಲ. ಅದಕ್ಕೆ ಪ್ರವಾಹದ ಎದುರು ಈಜೋ ತಾಕತ್ತಿಲ್ಲ. ಅದು ಮಾಡೋದಿಷ್ಟೇ, ಉಬ್ಬರ ಬಂದಾಗ ಮೇಲೆ ಎದ್ದು ನೀರಿನ ಜೊತೆ ಒಳಕ್ಕೆ ತೇಲತ್ತೆ, ಇಳಿತ ಶುರುವಾದ ಕೂಡ್ಲೇ ತಳಕ್ಕಿಳಿದು ಗಟ್ಟಿಯಾಗಿ ಕೂರತ್ತೆ, ಮತ್ತೆ ಉಬ್ಬರ, ಮತ್ತೆ ತೇಲೋದು. ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಬರತ್ತೆ. ಈಗ ಆ ಕಾಲುವೇಲಿ ಉಬ್ಬರವೇ ಸತ್ತುಹೋಗಿದ್ರೆ ಆ ಮರಿ ಯಾವ ಬಸ್ಸು ಹತ್ತಬೇಕು? ಮಲೆಟ್ ಅನ್ನೋ ಮೀನಿನ ಮರಿಗಳದ್ದೂ ಏಡಿಗಳದ್ದೂ ಇದೇ ಪಾಡು, ಎಲ್ಲಕ್ಕೂ ಸಮುದ್ರಕ್ಕೂ ಹಿನ್ನೀರಿಗೂ ಓಡಾಡೋ ದಾರಿ ಬೇಕು. ಹಿಲ್ಸಾ ಥರದ ಮೀನು ಸಿಹಿನೀರಲ್ಲಿ ಮೊಟ್ಟೆ ಇಡೋಕೆ ಸಮುದ್ರದಿಂದ ಮೇಲೆ ಹೋಗ್ಬೇಕು, ಅದಕ್ಕೂ ಅದೇ ದಾರಿ. ನಾವು ಮೀನು ಹಿಡಿಯೋದು ನಿಲ್ಲಿಸಿದ್ರೂ, ಬೇಲಿ ಹಾಕಿ ಕಾವಲು ಕೂರಿಸಿದ್ರೂ ಅಲ್ಲಿ ಮೀನು ವಾಪಸ್ ಬರ್ತಿರಲಿಲ್ಲ, ಯಾಕಂದ್ರೆ ರೋಗ ಇದ್ದಿದ್ದು ಬಾಗಿಲಲ್ಲಿ. ನಿಮ್ಮ "ಕೈ ಹಾಕದೇ ಬಿಡೋದು" ಕಾಡಿನ ವಿಷಯದಲ್ಲಿ ಎಷ್ಟೋ ಸಲ ಸರಿ, ನಾನೂ ಒಪ್ತೀನಿ. ಲಗೂನಿನಲ್ಲಿ ಕಾಪಾಡಬೇಕಾದ್ದು ನೀರಿನ ಓಡಾಟ.

ಇನ್ನೊಂದು ಮಾತು, ಮೇಲಿನ ನದಿಗಳಿಗೆ ನಾವು ಆಗಲೇ ಕೈ ಹಾಕಿ ಆಗಿತ್ತು. ಮಹಾನದಿಗೆ ಅಣೆಕಟ್ಟು, ಬ್ಯಾರೇಜು, ಗುಡ್ಡದ ಮೇಲೆ ಕಾಡು ಕಡಿದು ಮಣ್ಣು ಸಡಿಲ. ಮೇಲ್ಗಡೆ ಇಷ್ಟೆಲ್ಲ ಬದಲಾಯಿಸಿ ಕೆಳಗಡೆ ಮಾತ್ರ ಪ್ರಕೃತಿ ನೋಡ್ಕೊಳ್ಳಲಿ ಅಂದ್ರೆ ಅದು ನ್ಯಾಯ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಹೋಗಿ ಸುಮ್ನೆ ಅಗೆದಿದ್ದಲ್ಲ. ಚಿಲಿಕಾ ಅಭಿವೃದ್ಧಿ ಪ್ರಾಧಿಕಾರದವರು ಮೊದಲು ವರ್ಷಗಟ್ಟಲೆ ಅಳತೆ ಮಾಡಿಸಿದ್ರು, ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಮಾಡೆಲ್ ಮಾಡಿ ಎಲ್ಲಿ ಕೊರೆದ್ರೆ ಉಬ್ಬರ ಎಷ್ಟು ಒಳಗೆ ಬರತ್ತೆ, ಉಪ್ಪು ಎಲ್ಲೀವರೆಗೆ ಏರತ್ತೆ, ಎಷ್ಟು ಹೂಳು ಹೊರಗೆ ಹೋಗತ್ತೆ ಅಂತ ಲೆಕ್ಕ ಹಾಕಿದ್ರು. ಆಮೇಲೆ 2000ನೇ ಇಸವಿ ಸೆಪ್ಟೆಂಬರ್ 23ಕ್ಕೆ ಸಿಪಾಕುಡಾ ಹತ್ತಿರ ದಿಬ್ಬ ಕತ್ತರಿಸಿ ಬಾಯಿ ತೆರೆದ್ರು. ಸಮುದ್ರದ ದಾರಿ ಸುಮಾರು 18 ಕಿಲೋಮೀಟರ್ ಕಮ್ಮಿ ಆಯ್ತು. 1999-2000ರಲ್ಲಿ ಸುಮಾರು 1,750 ಟನ್‌ಗೆ ಇಳಿದಿದ್ದ ಮೀನು, ಸೀಗಡಿ, ಏಡಿಗಳ ಫಸಲು 2001-02ಕ್ಕೆ ಹೆಚ್ಚುಕಮ್ಮಿ 12,000 ಟನ್ ಮುಟ್ಟಿತು. 2002ರಲ್ಲಿ ಮಾಂಟ್ರೂ ರೆಕಾರ್ಡಿನಿಂದ ಹೆಸರು ತೆಗೆದ್ರು, ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ ಅದು. ಅದೇ ವರ್ಷ ಪ್ರಾಧಿಕಾರಕ್ಕೆ ರಾಂಸಾರ್ ಪ್ರಶಸ್ತೀನೂ ಬಂತು.

ಇಲ್ಲಿ ಒಂದು ಎಚ್ಚರ ಹೇಳ್ತೀನಿ, ಈ ಟನ್ ಲೆಕ್ಕ ಓದಿ ಖುಷಿಪಡೋವಾಗ ಎಲ್ಲರೂ ಮರೀತಾರೆ. ದಡಕ್ಕೆ ಬಂದ ಮೀನು ಬೇರೆ, ನೀರಲ್ಲಿರೋ ಮೀನು ಬೇರೆ. ದೋಣಿ ಹೆಚ್ಚಾದ್ರೆ, ಬಲೆ ಕಣ್ಣು ಸಣ್ಣ ಆದ್ರೆ, ಒಳಗೆ ಖಾಲಿ ಆಗ್ತಾ ಇದ್ರೂ ಕೆಲವು ವರ್ಷ ದಡಕ್ಕೆ ಬರೋ ಮೀನು ಏರ್ತಾನೇ ಇರತ್ತೆ. ಅದಕ್ಕೇ ಒಂದು ದೋಣಿ ಒಂದು ದಿನಕ್ಕೆ ಎಷ್ಟು ಹಿಡೀತು, ಮೀನಿನ ಉದ್ದ ಎಷ್ಟಿತ್ತು ಅಂತ ಇಳಿಸೋ ಜಾಗದಲ್ಲೇ ಕೂತು ಬರೀಬೇಕು. ಬೇಜಾರಿನ ಕೆಲಸ, ಬೆಳಗಿನ ಜಾವಕ್ಕೆ ಎದ್ದು ಹೋಗ್ಬೇಕು, ಆದ್ರೆ ಅದಿಲ್ದೇ ಟನ್ ಲೆಕ್ಕಕ್ಕೆ ಅರ್ಥ ಇಲ್ಲ.

ಬಾಯಿ ತೆರೆದ್ರು, ಕಥೆ ಮುಗೀತು ಅಂತಾನೂ ಅಲ್ಲ. ಮರಳು ನಿಂತಿಲ್ಲ, ಹೊಸ ಬಾಯೀನೂ ಸರೀತಾನೇ ಇದೆ. ಸೈಕ್ಲೋನ್ ಬಂದಾಗ ಒಂದೇ ರಾತ್ರೀಲಿ ಎಲ್ಲಾ ಬದಲಾಗತ್ತೆ, 2019ರ ಮೇ 3ಕ್ಕೆ ಪುರಿ ಹತ್ತಿರ ಅಪ್ಪಳಿಸಿದ ಫನಿ ದಿಬ್ಬ ಒಡೆದು ಇನ್ನಷ್ಟು ಬಾಯಿಗಳನ್ನೇ ತೆರೀತು. 2013ರ ಅಕ್ಟೋಬರ್‌ನಲ್ಲಿ ಬಂದ ಫೈಲಿನ್‌ನದ್ದು ಇನ್ನೊಂದು ಥರ, ಅದರ ಹಿಂದೆ ಬಂದ ಪ್ರವಾಹದ ಸಿಹಿನೀರಿಗೆ ಉಪ್ಪಿನಂಶ ಕುಸಿದುಹೋಗಿತ್ತು. ಬಾಯಿ ಜಾಸ್ತಿ ಅಗಲ ಆದ್ರೂ ಕಷ್ಟಾನೇ, ಉಪ್ಪು ಉತ್ತರದವರೆಗೂ ಏರಿದ್ರೆ ಸವಳಿನಲ್ಲಿ ಬದುಕೋ ಜೀವಿಗಳಿಗೆ ಜಾಗ ಇಲ್ದಂಗಾಗತ್ತೆ. ಹಾಗಾಗಿ ಮೇಲಿನ ಕಡೆ ಕೆಲಸಾನೂ ಅಷ್ಟೇ ಮುಖ್ಯ. ಪಶ್ಚಿಮದ ಜಲಾನಯನದ ಹಳ್ಳಿಗಳಲ್ಲಿ ಮಣ್ಣು ಕೊಚ್ಚಿಹೋಗದಂಗೆ ಬದು, ಗಿಡ, ಸಣ್ಣ ಒಡ್ಡು, ಮಹಾನದಿಯ ಕವಲಿಗೆ ಕಟ್ಟಿರೋ ನರಾಜ್ ಬ್ಯಾರೇಜಿನಿಂದ ಚಿಲಿಕಾ ಕಡೆಗೆ ಯಾವಾಗ ಎಷ್ಟು ನೀರು ಬಿಡಬೇಕು ಅನ್ನೋ ಲೆಕ್ಕ, ಇವೆಲ್ಲ ಯಾರ ಕಣ್ಣಿಗೂ ಬೀಳಲ್ಲ, ಫೋಟೋಗೂ ಬರಲ್ಲ. ಬಾಯಿ ಕೊರೆದಿದ್ದಕ್ಕಿಂತ ಇದೇ ಕಷ್ಟದ ಕೆಲಸ ಅಂತ ನನಗನ್ಸತ್ತೆ, ಯಾಕಂದ್ರೆ ಇದನ್ನ ಪ್ರತಿ ವರ್ಷ ಮಾಡಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ, ಆರೋಗ್ಯ ಹೇಗೆ ಗೊತ್ತಾಗತ್ತೆ.

ಇದರಲ್ಲಿ ನನಗೆ ತುಂಬಾ ಇಷ್ಟದ ಸಾಮಾನು ಒಂದಿದೆ, ಸೆಕ್ಕಿ ಡಿಸ್ಕ್. ಊಟದ ತಟ್ಟೆಯಷ್ಟು ದೊಡ್ಡ ಬಿಲ್ಲೆ, 20 ಸೆಂಟಿಮೀಟರ್, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಕಪ್ಪು ಬಿಳಿ ಬಣ್ಣ ಬಳಿದಿರ್ತಾರೆ, ನಡುವೆ ಅಳತೆ ಗುರುತು ಮಾಡಿದ ಹಗ್ಗ, ಕೆಳಗೆ ಭಾರ. ಆಂಜೆಲೋ ಸೆಕ್ಕಿ ಅನ್ನೋ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ, 1865ರಲ್ಲಿ ಇಂಥ ಬಿಳಿ ಬಿಲ್ಲೆನ ಸಮುದ್ರದಲ್ಲಿ ಬಳಸಿ ನೋಡಿದ್ದು, ಕಪ್ಪು ಬಣ್ಣ ಆಮೇಲೆ ಸೇರಿದ್ದು, ವಿಧಾನ ಮಾತ್ರ ಇವತ್ತಿಗೂ ಅದೇ. ದೋಣಿಯ ನೆರಳಿನ ಕಡೆ ಬಗ್ಗಿ ನಿಧಾನಕ್ಕೆ ಇಳಿಸ್ಬೇಕು, ಬಿಳಿ ಭಾಗ ಮಸುಕಾಗಿ ಹಸಿರಾಗಿ ಮಾಯ ಆಗೋ ಆಳ ಬರ್ಕೋಬೇಕು, ಮತ್ತೆ ಮೇಲೆ ಎಳೀತಾ ಕಣ್ಣಿಗೆ ಬೀಳೋ ಆಳ ಬರ್ಕೋಬೇಕು, ಎರಡರ ಸರಾಸರಿ. ಮಳೆಗಾಲದಲ್ಲಿ ನದಿ ಸೇರೋ ಉತ್ತರ ಭಾಗದಲ್ಲಿ ಗೇಣುದ್ದ ಇಳಿಸೋದ್ರಲ್ಲೇ ಬಿಲ್ಲೆ ಹೋಗಿಬಿಡತ್ತೆ, ಅಷ್ಟು ಕೆಸರು. ಚಳಿಗಾಲಕ್ಕೆ ದಕ್ಷಿಣದ ಕಡೆ ಹೋದ್ರೆ ತಳದ ಕಡಲಹುಲ್ಲಿನ ಮೇಲೆ ಬಿಲ್ಲೆ ಕೂತಿದ್ದೂ ಕಾಣತ್ತೆ. ಈ ಒಂದು ಅಳತೆಯಿಂದ ಬೆಳಕು ಎಷ್ಟು ಆಳ ಇಳಿಯತ್ತೆ ಅಂತ ಗೊತ್ತಾಗತ್ತೆ, ಬೆಳಕು ತಳ ಮುಟ್ಟಿದ್ರೆ ಕಡಲಹುಲ್ಲು ಬದುಕತ್ತೆ, ಕಡಲಹುಲ್ಲು ಇದ್ರೆ ಮೀನುಮರಿಗಳಿಗೆ ಅಡಗೋಕೆ ಜಾಗ.

ಆಮೇಲೆ ಉಪ್ಪು. ರಿಫ್ರಾಕ್ಟೋಮೀಟರ್ ಅಂತ ಕೈಯಳತೆ ಕೊಳವೆ, ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ನೋಡಿದ್ರೆ ಒಳಗೆ ನೀಲಿ ಬಿಳಿ ಸೇರೋ ಗೆರೆ ಎಲ್ಲಿ ನಿಲ್ಲತ್ತೋ ಅಷ್ಟು ಉಪ್ಪು. ಬಯಲು ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ಮೇಲಿನ ನೀರು ಮಾತ್ರ ಅಳೆದ್ರೆ ಮೋಸ ಹೋಗ್ತೀರ, ಸಿಹಿನೀರು ಹಗುರ, ಮೇಲೆ ತೇಲತ್ತೆ, ಉಪ್ಪುನೀರು ಕೆಳಗೆ ನುಸುಳಿಕೊಂಡು ಬಂದಿರತ್ತೆ, ಹಾಗಾಗಿ ತಳದ ನೀರೂ ಬೇಕು. ಆಮ್ಲಜನಕದ್ದೂ ಇದೇ ಥರ ಒಂದು ಬಲೆ ಇದೆ. ಮಧ್ಯಾಹ್ನ ಬಿಸಿಲಲ್ಲಿ ಅಳೆದ್ರೆ ಪಾಚಿ, ಕಳೆ ತುಂಬಿದ ನೀರೂ ಫಸ್ಟ್ ಕ್ಲಾಸ್ ಅಂತ ತೋರಿಸತ್ತೆ, ಅವೇ ಗಿಡಗಳು ರಾತ್ರಿಯೆಲ್ಲ ಉಸಿರಾಡಿ ಆಮ್ಲಜನಕ ತಿಂದು ಹಾಕಿರ್ತವೆ, ನಿಜ ಗೊತ್ತಾಗೋದು ಸೂರ್ಯ ಹುಟ್ಟೋಕ್ ಮುಂಚೆ.

ಕೆಸರನ್ನ ಯಾರೂ ನೋಡಲ್ಲ, ಆದ್ರೆ ನಾನು ಯಾವುದಾದ್ರೂ ಒಂದೇ ನೋಡು ಅಂದ್ರೆ ಕೆಸರನ್ನೇ ನೋಡೋದು. ತಳದಿಂದ ಒಂದು ಬೊಗಸೆ ಕೆಸರು ಎತ್ತಿ ಅರ್ಧ ಮಿಲಿಮೀಟರ್ ಕಣ್ಣಿನ ಜರಡೀಲಿ ತೊಳೆದ್ರೆ ಉಳಿಯೋದು ಹುಳು, ಸಣ್ಣ ಚಿಪ್ಪು, ಅಕ್ಕಿಕಾಳಿಗಿಂತ ಚಿಕ್ಕ ಸಿಗಡಿಯಂಥ ಜೀವಿಗಳು. ನೀರು ಇವತ್ತು ಚೆನ್ನಾಗಿರಬಹುದು ನಾಳೆ ಕೆಡಬಹುದು, ಈ ಹುಳುಗಳು ಓಡಿಹೋಗೋಕೆ ಆಗಲ್ಲ, ಹಿಂದಿನ ಆರು ತಿಂಗಳಲ್ಲಿ ಅಲ್ಲಿ ಏನಾಯ್ತೋ ಅದೆಲ್ಲ ಅವುಗಳ ಮೇಲೆ ಬರೆದಿರತ್ತೆ. ಹತ್ತಾರು ಥರ ಇದ್ರೆ ಒಳ್ಳೇದು, ಒಂದೇ ಜಾತಿ ಹುಳು ರಾಶಿ ರಾಶಿ ಸಿಕ್ಕಿದ್ರೆ, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ, ಅಲ್ಲಿ ಗಾಳಿ ಇಲ್ಲ ಅಂತ ಅರ್ಥ. ಆಗ ನನಗೆ ನಿಜವಾಗ್ಲೂ ಮನಸ್ಸು ಭಾರ ಆಗತ್ತೆ.

ಮತ್ತೆ ಹಳೇ ದಾಖಲೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಮೊದಲ ನಿರ್ದೇಶಕ ನೆಲ್ಸನ್ ಆನಂಡೇಲ್ ಮತ್ತೆ ಅವರ ಜೊತೆಯ ಸ್ಟಾನ್ಲಿ ಕೆಂಪ್ ಅವರೆಲ್ಲ ಸೇರಿ ನೂರು ವರ್ಷಕ್ಕೂ ಹಿಂದೆ ಚಿಲಿಕಾದ ಜೀವಿಗಳನ್ನ ಪಟ್ಟಿ ಮಾಡಿದ್ರು. ಅಲ್ಲಿನ ಬರ್ಕುಡಾ ದ್ವೀಪದಲ್ಲಿ ಕಾಲೇ ಇಲ್ಲದ, ಮಣ್ಣಿನೊಳಗೆ ಬದುಕೋ ಒಂದು ಅರಣೆ ಸಿಕ್ಕಿತ್ತು, 1917ರಲ್ಲಿ ಆನಂಡೇಲ್ ಅದಕ್ಕೆ ದ್ವೀಪದ ಹೆಸರನ್ನೇ ಇಟ್ರು. ಇಂಥ ಹಳೇ ಪಟ್ಟಿ ಇಲ್ದಿದ್ರೆ ಇವತ್ತು ಏನು ಕಳೆದುಹೋಗಿದೆ ಅಂತ ಹೇಳೋಕೆ ನಮ್ಮ ಹತ್ರ ಆಧಾರವೇ ಇರಲ್ಲ. ಅದೇ ಕಾರಣಕ್ಕೆ ಈಗ ಅಳೆಯೋರು ಅದೇ ಜಾಗ, ಅದೇ ವಿಧಾನ, ತಿಂಗಳು ತಪ್ಪಿಸದೇ ಅಳೀಬೇಕು. ಒಂದು ಪ್ರಾಜೆಕ್ಟಿಗೆ ದುಡ್ಡಿದೆ ಅಂತ ಎರಡು ವರ್ಷ ಅಳೆದು ಬಿಟ್ರೆ ಆ ಲೆಕ್ಕ ಅರ್ಧ ಕೇಳಿದ ಮಾತಿನಂಗೆ.

ಹಕ್ಕಿ, ಡಾಲ್ಫಿನ್ ಎಣಿಸೋದು ಬೇಕು, ಆದ್ರೆ ಅದೊಂದೇ ಸಾಲದು. ಚಳಿಗಾಲದಲ್ಲಿ ಲಕ್ಷಗಟ್ಟಲೆ ಹಕ್ಕಿ ಬರ್ತವೆ, ಒಳ್ಳೇ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು. ಲಗೂನಿನ ನಡುವೆ ಇರೋ ನಳಬನ ಪಕ್ಷಿಧಾಮ ಸುಮಾರು 15 ಚದರ ಕಿಲೋಮೀಟರ್, ಮಳೆಗಾಲದಲ್ಲಿ ಮುಳುಗಿರತ್ತೆ, ನೀರಿಳಿದ ಮೇಲೆ ಕೆಸರುಗದ್ದೆ ಥರ ಏಳತ್ತೆ, ಹಕ್ಕಿಗಳಿಗೆ ಹಬ್ಬ. ಆದ್ರೆ ಸೈಬೀರಿಯಾದಲ್ಲೋ ಟಿಬೆಟ್ಟಿನಲ್ಲೋ ಮರಿ ಮಾಡೋ ಹಕ್ಕಿ ಈ ವರ್ಷ ಕಮ್ಮಿ ಬಂದಿದ್ರೆ ತಪ್ಪು ಚಿಲಿಕಾದ್ದೇ ಆಗಿರಬೇಕಿಲ್ಲ. ಐರಾವಡಿ ಡಾಲ್ಫಿನ್ ಹಾಗಲ್ಲ, ಅದು ಅಲ್ಲೇ ಇರೋದು, ಒಟ್ಟು 150ರ ಆಸುಪಾಸು ಅಷ್ಟೆ. ಬಲೆಗೆ ಸಿಕ್ಕಿ, ಮೋಟಾರ್ ಬೋಟಿನ ರೆಕ್ಕೆ ತಗುಲಿ ಒಂದೊಂದು ಸತ್ತಾಗಲೂ ಅದು ದೊಡ್ಡ ನಷ್ಟ.

ಜನರ ಮಾತು ಬಿಟ್ರೆ ಉತ್ತರ ಅರ್ಧ ಆಗತ್ತೆ. ಸುಮಾರು ಎರಡು ಲಕ್ಷ ಮೀನುಗಾರರು ಚಿಲಿಕಾ ನಂಬಿಕೊಂಡಿದಾರೆ. ಸೀಗಡಿಗೆ ಹೊರದೇಶದ ಬೇಡಿಕೆ ಬಂದಾಗ ದುಡ್ಡಿರೋರು ನೀರಿನ ನಡುವೆಯೇ ಒಡ್ಡು, ಬಲೆ ಕಟ್ಟಿ ಘೇರಿ ಮಾಡ್ಕೊಂಡ್ರು, ಮೀನು ಓಡಾಡೋ ದಾರೀನೂ ಹೋಯ್ತು ಮೀನುಗಾರರ ಹಕ್ಕೂ ಹೋಯ್ತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಚಿಲಿಕಾ ಮತ್ತೆ ಪುಲಿಕಾಟ್ ಸರೋವರಗಳಿಂದ 1,000 ಮೀಟರ್ ಒಳಗೆ ಸೀಗಡಿ ಕೃಷಿ ಉದ್ಯಮ ಬೇಡ ಅಂತ ಹೇಳಿತು. ಆದ್ರೂ ಘೇರಿ ತೆಗೆದ್ರೆ ಮತ್ತೆ ಕಟ್ಟೋದು, ಮತ್ತೆ ತೆಗೆಯೋದು, ವರ್ಷಗಟ್ಟಲೆ ನಡೀತು. ಇದಕ್ಕೆ ಎದುರಾಗಿ ಮಂಗಳಾಜೋಡಿ ನೋಡಿ, ಉತ್ತರ ದಡದ ಹಳ್ಳಿ, ಹಿಂದೆ ಹಕ್ಕಿ ಬೇಟೆಗೇ ಹೆಸರಾಗಿತ್ತು. ಅದೇ ಬೇಟೆಗಾರರು 2000ದ ಸುಮಾರಿಗೆ ಬೇಟೆ ಬಿಟ್ಟು ಕಾವಲಿಗೆ ನಿಂತ್ರು, ಈಗ ಅವರೇ ದೋಣಿ ನಡೆಸಿ ಹಕ್ಕಿ ತೋರಿಸ್ತಾರೆ. ಯಾವ ಹಕ್ಕಿ ಎಲ್ಲಿ ಕೂರತ್ತೆ ಅಂತ ಬೇಟೆಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ ಹೇಳಿ.

ಇನ್ನು ನೀವು ಮುಂದಿನ ಸಲ ಹೋದಾಗ. ಡಾಲ್ಫಿನ್ ಹತ್ತಿರ ಬಂದಾಗ ಎಂಜಿನ್ ಆಫ್ ಮಾಡಿ ಅಂತ ದೋಣಿಯವನಿಗೆ ನೀವೇ ಹೇಳಿ, ಬೆನ್ನಟ್ಟೋಕೆ ದುಡ್ಡು ಕೊಡಬೇಡಿ, ಅದು ಉಸಿರಿಗೆ ತಾನಾಗೇ ಮೇಲೆ ಬರತ್ತೆ, ಕೊಕ್ಕಿಲ್ಲದ ಗುಂಡು ತಲೆ, ಪಫ್ ಅಂತ ಒಂದು ಸದ್ದು. ಮಂಗಳಾಜೋಡೀಲಿ ಒಂದು ಬೆಳಗ್ಗೆ, ಸಾತಪಡಾದಲ್ಲಿ ಒಂದು ಬೆಳಗ್ಗೆ, ಎರಡೂ ಕಡೆ ಹೋಗಿ. ಹೋದಾಗ ಮೀನುಗಾರರು ನೀರಲ್ಲಿ ನೆಟ್ಟಿರೋ ಬಿದಿರು ಗೂಟಗಳನ್ನ ಹತ್ತಿರದಿಂದ ನೋಡಿ. ಅಳಿವೆ ಕಡೆಯ ಗೂಟಗಳ ಮೇಲೆ ನೀರಿನ ಮಟ್ಟದಲ್ಲಿ ಬಿಳಿ ಬಿಳಿ ಒರಟು ಚಿಪ್ಪು ಮೆತ್ತಿಕೊಂಡಿರತ್ತೆ, ಬಾರ್ನಕಲ್ ಅಂತಾರೆ, ಕೈ ಹಾಕಿದ್ರೆ ಕುಯ್ಯತ್ತೆ, ಹುಷಾರು. ಉತ್ತರದ ಕಡೆ ಅದೇ ಬಿದಿರು ನುಣ್ಣಗಿರತ್ತೆ, ಮೇಲೆ ಹಸಿರು ಪಾಚಿ ಅಷ್ಟೆ, ಪಕ್ಕದಲ್ಲಿ ಜೊಂಡು ನಿಂತಿರತ್ತೆ. ಉಪ್ಪುನೀರು ಒಂದಷ್ಟು ಕಾಲ ನಿಂತಿದ್ರೆ ಮಾತ್ರ ಆ ಚಿಪ್ಪು ಮೆತ್ತತ್ತೆ. ದೋಣಿಯವನಿಗೆ ಹತ್ತು ವರ್ಷದ ಹಿಂದೆ ಈ ಬಿಳಿ ಚಿಪ್ಪು ಎಲ್ಲೀವರೆಗೆ ಇತ್ತು, ಈಗ ಎಲ್ಲೀವರೆಗೆ ಇದೆ ಅಂತ ಕೇಳಿ ನೋಡಿ, ಅವನು ಕೈ ತೋರಿಸಿ ಹೇಳ್ತಾನೆ. ಹೇಳಿದ್ದನ್ನ ದಿನಾಂಕ ಹಾಕಿ ಬರ್ಕೊಂಡು ನನಗೂ ಕಳಿಸಿ.